ಒಂದು ಮಿಲಿಗ್ರಾಂ ಸಾಮನ್ ಕ್ಯಾಲ್ಸಿಟೋನಿನ್: ಕೊಡಗಿನ ಮಳೆಗಾಲದಲ್ಲಿ ಬಳಸಿದವರ ಮಾತು

ಪ್ರಯೋಗಾಲಯದ ಬಳಕೆಗೆಂದು ಮಾರುವ ಸಂಶ್ಲೇಷಿತ ಸಾಮನ್ ಕ್ಯಾಲ್ಸಿಟೋನಿನ್ (ಮೂಳೆ ಕರಗುವುದನ್ನು ತಡೆಯುವ, ಸಾಮನ್ ಮೀನಿನ ಹಾರ್ಮೋನಿನ ಕೃತಕ ರೂಪ) ಕೊಳ್ಳಬಹುದೇ ಎಂದು ಮೈಸೂರು, ಮಂಗಳೂರು ಕಡೆಯ ಕಿರಿಯ ಸಂಶೋಧಕರು ನನ್ನನ್ನು ಆಗಾಗ ಕೇಳುತ್ತಾರೆ. ಕೊಳ್ಳಿ, ಒಳ್ಳೆಯ ಸರಕು. ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡುತ್ತದೆ. ಆದರೆ ಲೇಬಲ್ಲಿನ ಮೇಲಿರುವ ‘ಶುದ್ಧತೆ ಶೇ. 98ಕ್ಕಿಂತ ಹೆಚ್ಚು’ ಎಂಬ ಸಾಲನ್ನು ನೋಡಿ, ಸೀಸೆಯಲ್ಲಿರುವ ಪುಡಿಯ ನೂರರಲ್ಲಿ ತೊಂಬತ್ತೆಂಟು ಪಾಲು ಹಾರ್ಮೋನೇ ಇದೆ ಎಂದು ಲೆಕ್ಕ ಹಾಕಲು ಕೂರಬೇಡಿ. ಈ ಒಂದು ವಿಷಯಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಜೀವರಸಾಯನಶಾಸ್ತ್ರ ಓದಿದವಳು. ಊರು ಶನಿವಾರಸಂತೆ, ಕೆಲಸ ಗೋಣಿಕೊಪ್ಪಲಿನಿಂದ ಸ್ವಲ್ಪ ಒಳಗಿರುವ ಒಂದು ಸಣ್ಣ ಪ್ರಯೋಗಾಲಯದಲ್ಲಿ. ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳನ್ನು ಬೆಳೆಸಿ, ಅವುಗಳ ಕೆಲಸವನ್ನು ಏನು ತಡೆಯುತ್ತದೆ, ಏನು ಹೆಚ್ಚಿಸುತ್ತದೆ ಎಂದು ನೋಡುವುದು ನಮ್ಮ ಕೆಲಸ. ಅಲ್ಲಿ ಕ್ಯಾಲ್ಸಿಟೋನಿನ್ ಇಲ್ಲದೆ ನಡೆಯುವುದಿಲ್ಲ. ಹೊಸ ವಸ್ತುವೊಂದು ಈ ಕೋಶಗಳನ್ನು ತಡೆಯುತ್ತದೆ ಎಂದು ಹೇಳಬೇಕಾದರೆ, ತಡೆಯುವುದು ಖಚಿತವಾಗಿ ಗೊತ್ತಿರುವ ಇನ್ನೊಂದು ವಸ್ತು ಪಕ್ಕದಲ್ಲಿ ಇರಬೇಕು. ನಮಗೆ ಅದು ಈ ಪುಟ್ಟ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಸಣ್ಣ ಸರಪಳಿ.

ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳುತ್ತೇನೆ. ನಮ್ಮ ರಕ್ತದಲ್ಲಿ ಕ್ಯಾಲ್ಸಿಯಂ ಪ್ರಮಾಣ ಸಾಮಾನ್ಯವಾಗಿ 100 ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಒಳಗೆ ಇರುತ್ತದೆ. ಅದರಲ್ಲಿ ಸುಮಾರು ಅರ್ಧ ಮಾತ್ರ ಬಿಡಿ ಅಯಾನು, ಉಳಿದದ್ದರಲ್ಲಿ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡದ್ದು. ಪ್ರಮಾಣ ಇಳಿದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಅದನ್ನು ಮೇಲಕ್ಕೆತ್ತುತ್ತದೆ. ಏರಿದರೆ ಥೈರಾಯ್ಡಿನ ಸಿ ಕೋಶಗಳು ಕ್ಯಾಲ್ಸಿಟೋನಿನ್ ಬಿಡುತ್ತವೆ, ಅದು ಮೂಳೆ ಕರಗುವುದನ್ನು ತಡೆದು ಕೆಳಗಿಳಿಸುತ್ತದೆ. ಕೆನಡಾದ ಡಗ್ಲಸ್ ಹೆರಾಲ್ಡ್ ಕಾಪ್ 1960ರ ದಶಕದ ಆರಂಭದಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಇದು ಪ್ಯಾರಾಥೈರಾಯ್ಡಿನಿಂದ ಬರುತ್ತದೆ ಎಂದು ಅವರು ಮೊದಲು ಭಾವಿಸಿದ್ದರು, ಥೈರಾಯ್ಡಿನಿಂದ ಎಂಬುದನ್ನು ಬೇರೆ ತಂಡಗಳು ತೋರಿಸಿದವು. ಮೀನುಗಳಲ್ಲಿ ಇದು ಬರುವುದು ಥೈರಾಯ್ಡಿನಿಂದಲ್ಲ, ಅಲ್ಟಿಮೋಬ್ರಾಂಕಿಯಲ್ ಎಂಬ ಪ್ರತ್ಯೇಕ ಗ್ರಂಥಿಯಿಂದ. ಸಾಮನ್ ಮೀನಿನ ಹಾರ್ಮೋನು ಮನುಷ್ಯರದಕ್ಕಿಂತ ಹಲವು ಪಟ್ಟು ಪ್ರಬಲ. ಸಾಮಾನ್ಯವಾಗಿ 40ರಿಂದ 50 ಪಟ್ಟು ಎಂದು ಹೇಳುತ್ತಾರೆ. ನಮ್ಮ ಕೋಶಗಳ ಮೇಲೆ ಹಾರ್ಮೋನನ್ನು ಹಿಡಿಯುವ ಗ್ರಾಹಕ ಪ್ರೋಟೀನನ್ನು ಅದು ಒಮ್ಮೆ ಹಿಡಿದರೆ ಸುಲಭವಾಗಿ ಬಿಡುವುದಿಲ್ಲ.

ಈಗ ಮೀನು ಕತ್ತರಿಸುವ ಅಗತ್ಯವಿಲ್ಲ. ರಾಬರ್ಟ್ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ, ಘನ ರಾಳದ ಮಣಿಗಳ ಮೇಲೆ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸುವ ವಿಧಾನದಿಂದ ಇಂಥ ಪೆಪ್ಟೈಡುಗಳನ್ನು ಯಂತ್ರವೇ ಕಟ್ಟುತ್ತದೆ. ಆ ಕೆಲಸಕ್ಕೆ ಅವರಿಗೆ 1984ರ ರಸಾಯನಶಾಸ್ತ್ರದ ನೊಬೆಲ್ ಬಂತು. ಸಾಮನ್ ಕ್ಯಾಲ್ಸಿಟೋನಿನ್‌ನಲ್ಲಿ 32 ಅಮೈನೋ ಆಮ್ಲಗಳಿವೆ. ಒಂದನೆಯ ಮತ್ತು ಏಳನೆಯ ಸ್ಥಾನದ ಸಿಸ್ಟೀನ್‌ಗಳು ಗಂಧಕದ ಕೊಂಡಿಯಿಂದ ಸೇರಿ ಉಂಗುರವಾಗಿರಬೇಕು. ಕೊನೆಯ ಪ್ರೋಲೀನ್ ಬರಿಯ ಆಮ್ಲವಾಗಿರದೆ ಅಮೈಡ್ ರೂಪದಲ್ಲಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ನಿಮ್ಮ ಕೈಗೆ ಬಂದದ್ದು ಬೇರೆಯೇ ವಸ್ತು.

ನಾವು ತರಿಸಿದ್ದು ಒಂದು ಮಿಲಿಗ್ರಾಂ ಸೀಸೆಗಳು, ಅಸಿಟೇಟ್ ಲವಣ. ವಿದೇಶದಲ್ಲಿ ತಯಾರಾಗಿ ಬೆಂಗಳೂರಿನ ವಿತರಕರ ಮೂಲಕ ಬಂದವು. ಸೀಸೆ ಚೆನ್ನಾಗಿದೆ. ಗಾಜು ದಪ್ಪ, ರಬ್ಬರ್ ಮುಚ್ಚಳ ಬಿಗಿ, ಮೇಲೆ ಅಲ್ಯೂಮಿನಿಯಂ ಕಟ್ಟು. ಲೇಬಲ್ಲಿನ ಶಾಯಿ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇದ್ದರೂ ಅಳಿಸಿಲ್ಲ. ಬೇರೆ ಕಡೆಯಿಂದ ತರಿಸಿದ ರಾಸಾಯನಿಕಗಳ ಲೇಬಲ್ಲು ಒದ್ದೆಯಾಗಿ ಕಳಚಿ ಬೀಳುವುದನ್ನು ನೋಡಿದ ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ಯಾವ ತಂಡದ (ಅಂದರೆ ಒಂದೇ ಸಲಕ್ಕೆ ತಯಾರಾದ ಬ್ಯಾಚಿನ) ಸರಕು ಎಂಬ ಸಂಖ್ಯೆ ಕಾಣದೆ ಹೋದರೆ ಅದರ ಪರೀಕ್ಷಾ ಪ್ರಮಾಣಪತ್ರವೂ ಕೆಲಸಕ್ಕೆ ಬಾರದು.

ಸಾಗಣೆಯ ಬಗ್ಗೆ ನನಗೆ ಅಸಮಾಧಾನವಿದೆ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಬೆಂಗಳೂರಿನಿಂದ ಹೊರಟ ಪೆಟ್ಟಿಗೆ ಮೈಸೂರಿನಲ್ಲಿ ಇಳಿದು, ಹುಣಸೂರು, ತಿತಿಮತಿ ದಾಟಿ ನಮ್ಮ ಕಡೆಗೆ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಅದು ಯಾವ ಗೋದಾಮಿನಲ್ಲಿ ಎಷ್ಟು ಹೊತ್ತು ಕೂತಿತ್ತು ಎಂದು ಯಾರೂ ಹೇಳುವುದಿಲ್ಲ. ನಮ್ಮ ಪೆಟ್ಟಿಗೆ ಬಂದಾಗ ಥರ್ಮೊಕೋಲಿನೊಳಗಿನ ಜೆಲ್ ಚೀಲಗಳು ಪೂರ್ತಿ ಕರಗಿ ಮೆತ್ತಗಾಗಿದ್ದವು. ಒಳಗೆ ತಾಪಮಾನ ಸೂಚಕದ ಚೀಟಿ ಇರಲಿಲ್ಲ. ಕೊರಿಯರ್‌ನವರು ಪ್ರಯೋಗಾಲಯದವರೆಗೆ ಬರಲಿಲ್ಲ, ಪೇಟೆಯ ಕಚೇರಿಯಿಂದಲೇ ಫೋನ್ ಮಾಡಿ ತೆಗೆದುಕೊಂಡು ಹೋಗಲು ಹೇಳಿದರು. ‘ಶೀತಲ ಸಾಗಣೆ’ ಎಂದು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಹಣ ಹಾಕಿದ ಮೇಲೆ ಇದು ಸರಿಯಲ್ಲ.

ಹಾಗೆಂದು ಕರಗಿದ ಜೆಲ್ ನೋಡಿ ಸೀಸೆಯನ್ನು ಎಸೆಯಬೇಕಾಗಿಲ್ಲ. ಘನೀಕರಿಸಿ ಒಣಗಿಸಿದ ಪೆಪ್ಟೈಡ್ ಪುಡಿ, ಬಿಗಿಯಾಗಿ ಮುಚ್ಚಿ ಒಣಗಿದ್ದರೆ, ಕೋಣೆಯ ತಾಪದಲ್ಲಿ ಕೆಲವು ದಿನ ತಡೆದುಕೊಳ್ಳುತ್ತದೆ. ಅದಕ್ಕೆ ಶತ್ರು ತೇವ. ನೀರು ಸೇರಿದ ಮೇಲೆ ಆಸ್ಪರಜೀನ್, ಗ್ಲುಟಮೀನ್‌ಗಳು ನಿಧಾನವಾಗಿ ಅಮೈಡ್ ಕಳೆದುಕೊಳ್ಳಲು ಶುರುವಾಗುತ್ತದೆ, ಮೂರನೆಯ ಮತ್ತು ಇಪ್ಪತ್ತಾರನೆಯ ಸ್ಥಾನದಲ್ಲಿ ಆಸ್ಪರಜೀನ್ ಇದೆ. ದೀರ್ಘಕಾಲ ಇಡಲು ಮೈನಸ್ 20 ಡಿಗ್ರಿ ಬೇಕು, ಸರಿ. ಆದರೆ ಸಾಗಣೆಯ ವಿಷಯದಲ್ಲಿ ಜನ ತಂಪಿನ ಬಗ್ಗೆ ಪಡುವ ಆತಂಕದಲ್ಲಿ ಅರ್ಧವನ್ನು ತೇವದ ಬಗ್ಗೆ ಪಟ್ಟರೆ ಸಾಕು.

ತೇವ ಎಂದರೆ ಏನೆಂದು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಉಪ್ಪಿನ ಡಬ್ಬಿ ನೀರು ಬಿಡುತ್ತದೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ಮಾಸದಲ್ಲಿ ನಮ್ಮ ತೂಕದ ಯಂತ್ರದ ಕೋಣೆಯಲ್ಲಿ ತೇವಾಂಶ ತೊಂಬತ್ತರ ಮೇಲೆ ನಿಂತುಬಿಡುತ್ತದೆ. ಇಂಥ ಗಾಳಿಯಲ್ಲಿ ಮೈನಸ್ 20ರಿಂದ ತೆಗೆದ ಸೀಸೆಯನ್ನು ನೇರವಾಗಿ ತೆರೆದರೆ ಒಳಗಿನ ಗಾಜಿನ ಮೇಲೆ ಮಂಜು ಕೂರುತ್ತದೆ. ಆ ಮಂಜೆಲ್ಲ ಪುಡಿಗೆ ಹೋಗುತ್ತದೆ. ಆದ್ದರಿಂದ ನಮ್ಮಲ್ಲಿ ಕಟ್ಟುನಿಟ್ಟಾದ ಒಂದು ಪದ್ಧತಿ ಇದೆ. ಸೀಸೆಯನ್ನು ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಡೆಸಿಕೇಟರ್ ಎಂಬ ಮುಚ್ಚಿದ ಪಾತ್ರೆಗೆ ಹಾಕಿ, ಮುಚ್ಚಿದ ಹಾಗೆಯೇ ಕೋಣೆಯ ತಾಪಕ್ಕೆ ಬರಲು ಬಿಡುವುದು. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಒಂದು ಸಣ್ಣ ಸುತ್ತು, ಏಕೆಂದರೆ ಒಂದು ಮಿಲಿಗ್ರಾಂ ಪುಡಿ ಹೆಚ್ಚಾಗಿ ಕಣ್ಣಿಗೇ ಕಾಣುವುದಿಲ್ಲ, ಗೋಡೆಗೋ ಮುಚ್ಚಳಕ್ಕೋ ತೆಳು ಪದರವಾಗಿ ಅಂಟಿರುತ್ತದೆ. ಆಮೇಲೆ ಮುಚ್ಚಳ. ನಮ್ಮ ವಿದ್ಯಾರ್ಥಿನಿಯರು ಈ ಕಾಯುವಿಕೆಯ ಹೊತ್ತಿನಲ್ಲಿ ಹಾಗೆ ಸುಮ್ಮನೆ ಕೂರದೆ ಉಳಿದ ಟ್ಯೂಬುಗಳಿಗೆಲ್ಲ ಹೆಸರು ಬರೆದು ಮುಗಿಸುತ್ತಾರೆ.

ಇಡೀ ಪುಡಿಯನ್ನು ಒಮ್ಮೆಗೇ ಕರಗಿಸಿಬಿಡಿ. ಮಳೆಗಾಲದಲ್ಲಿ ಕೊಡಗಿನಲ್ಲಿ ಕುಳಿತು ಪೆಪ್ಟೈಡನ್ನು ಚೂರು ಚೂರಾಗಿ ತೂಗಿ ತೆಗೆಯುವ ಯೋಚನೆ ಬೇಡವೇ ಬೇಡ. ಪುಡಿ ನೀರು ಹೀರುತ್ತಿದ್ದ ಹಾಗೆ ತೂಕದ ಅಂಕಿ ಕಣ್ಣೆದುರೇ ಏರುತ್ತಾ ಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ನಕ್ಷೆಯಾಗಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆಯುವ ಶುದ್ಧತೆ ಹೇಳುವುದು ಇಷ್ಟು: ಪುಡಿಯಲ್ಲಿರುವ ಪೆಪ್ಟೈಡುಗಳ ಪೈಕಿ ಸರಿಯಾದ ಪೆಪ್ಟೈಡು ಎಷ್ಟು ಪಾಲು, ಅಪೂರ್ಣ ತುಂಡುಗಳು, ತಪ್ಪು ಜೋಡಣೆಗಳು ಎಷ್ಟು ಪಾಲು. ಪುಡಿಯಲ್ಲಿ ಪೆಪ್ಟೈಡ್ ಅಲ್ಲದ್ದು ಏನಿದೆ ಎಂಬುದು ಆ ನಕ್ಷೆಗೆ ಕಾಣುವುದೇ ಇಲ್ಲ. ಸಾಮನ್ ಕ್ಯಾಲ್ಸಿಟೋನಿನ್‌ನಲ್ಲಿ ಧನ ವಿದ್ಯುದಂಶ ಹೊರುವ ಜಾಗಗಳು ಐದು: ಎರಡು ಲೈಸೀನ್, ಒಂದು ಅರ್ಜಿನೀನ್, ಒಂದು ಹಿಸ್ಟಿಡೀನ್, ಮತ್ತು ಸರಪಳಿಯ ಮೊದಲ ತುದಿ. ಈ ಐದಕ್ಕೂ ಒಂದೊಂದು ಋಣ ಅಯಾನು ಜೊತೆಯಾಗಿ ಬರಬಹುದು. ಅದು ಅಸಿಟೇಟ್ ಆದರೆ ತೂಕದಲ್ಲಿ ಶೇ. 8ರಷ್ಟು ಅದರದೇ. ಶುದ್ಧೀಕರಣದಲ್ಲಿ ಬಳಸಿದ ಟ್ರೈಫ್ಲೋರೋ ಅಸಿಟೇಟ್ ಹಾಗೇ ಉಳಿದಿದ್ದರೆ ಶೇ. 14ರಷ್ಟು. ಇದರ ಮೇಲೆ ಪುಡಿ ಹಿಡಿದಿಟ್ಟುಕೊಂಡ ನೀರು. ಹೀಗಾಗಿ ಶೇ. 98 ಶುದ್ಧ ಎಂದು ಬರೆದ ಸೀಸೆಯಲ್ಲಿ ನಿಜವಾದ ಹಾರ್ಮೋನು ಶೇ. 80ರಿಂದ 90ರ ನಡುವೆ ಇರುವುದು ಸಾಮಾನ್ಯ. ಇದು ಮೋಸವಲ್ಲ. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರ. ಆದರೆ ಮಾರುವವರು ಮೊದಲನೆಯದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿ ಎರಡನೆಯದನ್ನು ಹೇಳದೆ ಬಿಟ್ಟರೆ ನಷ್ಟವಾಗುವುದು ಹೊಸದಾಗಿ ಕಲಿಯುತ್ತಿರುವ ಮಕ್ಕಳಿಗೆ. ನನಗೆ ಸಿಟ್ಟು ಬರುವುದು ಅಲ್ಲಿ.

ನಮ್ಮ ಸೀಸೆಯ ಜೊತೆ ಬಂದ ಪ್ರಮಾಣಪತ್ರದಲ್ಲಿ ಪೆಪ್ಟೈಡ್ ಅಂಶ (ಪುಡಿಯ ಒಟ್ಟು ತೂಕದಲ್ಲಿ ಪೆಪ್ಟೈಡಿನ ಪಾಲು) ಎಂಬ ಸಾಲು ಇರಲಿಲ್ಲ. ವಿತರಕರಿಗೆ ಪತ್ರ ಬರೆದೆ, ಉತ್ತರ ಬರದಿದ್ದಾಗ ಫೋನ್ ಮಾಡಿದೆ. ಮಾತನಾಡಿದ ಹೆಣ್ಣುಮಗಳು ತುಂಬ ಸಭ್ಯರು. “ಮೇಡಂ, ಇಲ್ಲಿ ನಮಗೆ ಆ ಮಾಹಿತಿ ಇರುವುದಿಲ್ಲ, ತಯಾರಕರ ಗುಣಮಟ್ಟ ವಿಭಾಗಕ್ಕೆ ಕೇಳಿ ತರಿಸಿ ಕೊಡುತ್ತೇನೆ” ಎಂದರು, ಹೇಳಿದಂತೆಯೇ ತರಿಸಿಯೂ ಕೊಟ್ಟರು. ಅಮೈನೋ ಆಮ್ಲ ವಿಶ್ಲೇಷಣೆಯಿಂದ ಕಂಡುಕೊಂಡ ಅಂಕಿ: ಶೇ. 84. ಲೇಬಲ್ಲಿನ ಒಂದು ಮಿಲಿಗ್ರಾಂ ಎಂಬುದು ಪುಡಿಯ ಒಟ್ಟು ತೂಕ ಎಂದೂ ಸ್ಪಷ್ಟವಾಯಿತು. ಕೆಲವು ತಯಾರಕರು ನಿವ್ವಳ ತೂಕ ತುಂಬುತ್ತಾರೆ, ಕೆಲವರು ಒಟ್ಟು ತೂಕ. ಕೇಳದೆ ತಿಳಿಯುವುದಿಲ್ಲ.

ಲೆಕ್ಕ ನೋಡಿ. ಅಣುತೂಕ 3431.9. ಒಂದು ಮಿಲಿಗ್ರಾಂ ಪೂರ್ತಿ ಹಾರ್ಮೋನೇ ಆಗಿದ್ದು ಒಂದು ಮಿಲಿಲೀಟರಿನಲ್ಲಿ ಕರಗಿಸಿದರೆ 291 ಮೈಕ್ರೋಮೋಲಾರ್. ಶೇ. 84 ಆದರೆ 245. ಇದನ್ನು ನಂಬಿಕೆಯ ಮೇಲೆ ಬಿಡದೆ ನಾವು ಅತಿನೇರಳೆ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡಿದೆವು. ಈ ಪೆಪ್ಟೈಡಿನಲ್ಲಿ ಟ್ರಿಪ್ಟೋಫ್ಯಾನ್ ಇಲ್ಲ, ಇರುವುದು ಒಂದೇ ಒಂದು ಟೈರೋಸೀನ್ ಮತ್ತು ಆ ಗಂಧಕದ ಕೊಂಡಿ, ಹಾಗಾಗಿ 280 ನ್ಯಾನೋಮೀಟರಿನಲ್ಲಿ ಹೀರಿಕೆ ಬಹಳ ಕಡಿಮೆ. ಪೂರ್ತಿ ಹಾರ್ಮೋನಾಗಿದ್ದರೆ ಒಂದು ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ 0.47ರ ಹತ್ತಿರ ಬರಬೇಕಿತ್ತು. ನಮಗೆ ಬಂದದ್ದು 0.40ರ ಆಸುಪಾಸು. ತಯಾರಕರು ಕೊಟ್ಟ ಅಂಕಿ ಸರಿಯಾಗಿಯೇ ಇದೆ. ಈ ವಿಷಯದಲ್ಲಿ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ. ಅಂಕಿಯನ್ನು ಮೊದಲೇ ಪತ್ರದಲ್ಲಿ ಅಚ್ಚು ಹಾಕಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

ಶೇ. 16 ವ್ಯತ್ಯಾಸ ಅಷ್ಟು ದೊಡ್ಡದೇ ಎಂದು ಕೇಳಬಹುದು. ಹತ್ತು ಪಟ್ಟಿನ ಹೆಜ್ಜೆಗಳಲ್ಲಿ ಪ್ರಮಾಣ ಏರಿಸುತ್ತಾ ಪರಿಣಾಮದ ರೇಖೆ ಎಳೆಯುವಾಗ ಅದು ಎದ್ದು ಕಾಣುವುದಿಲ್ಲ ಎಂಬುದು ನಿಜ. ಒಂದು ತಂಡದ ಸೀಸೆ ಮುಗಿದು ಇನ್ನೊಂದು ತಂಡದ್ದು ಬಂದಾಗ, ಅಥವಾ ಎರಡು ಊರಿನ ಪ್ರಯೋಗಾಲಯಗಳು ತಮ್ಮ ಫಲಿತಾಂಶ ಹೋಲಿಸುವಾಗ ಕಾಣುತ್ತದೆ. ಒಂದರಲ್ಲಿ ಶೇ. 90, ಇನ್ನೊಂದರಲ್ಲಿ ಶೇ. 75 ಇದ್ದರೆ ನಿಮ್ಮ ಕೋಶಗಳು ಬದಲಾದವು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೀರಿ.

ಪ್ರಮಾಣಪತ್ರದ ಉಳಿದ ಭಾಗ ಚೆನ್ನಾಗಿತ್ತು. ಎಚ್‌ಪಿಎಲ್‌ಸಿ ನಕ್ಷೆ ಆ ತಂಡದ್ದೇ, ಎಲ್ಲರಿಗೂ ಹಂಚುವ ಮಾದರಿ ನಕ್ಷೆಯಲ್ಲ. ಅಣುವಿನ ತೂಕವನ್ನು ಅದರ ವಿದ್ಯುದಂಶದಿಂದ ಭಾಗಿಸಿ ತೋರಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ ನಾಲ್ಕು ವಿದ್ಯುದಂಶದ ಶಿಖರ 859ರಲ್ಲಿ ಕಾಣುತ್ತದೆ. ಇಲ್ಲಿ ಒಂದು ಮಾತು. ಗಂಧಕದ ಕೊಂಡಿ ಕೂಡದೆ ತೆರೆದೇ ಉಳಿದಿದ್ದರೆ ಅಣುತೂಕ 3433.9 ಆಗುತ್ತದೆ, ಎರಡು ಹೈಡ್ರೋಜನ್ ಹೆಚ್ಚು. ಕೊನೆಯ ಅಮೈಡ್ ಇಲ್ಲದೆ ಆಮ್ಲವೇ ಆಗಿದ್ದರೆ 3432.9. ನಾಲ್ಕು ವಿದ್ಯುದಂಶದ ಶಿಖರದಲ್ಲಿ ಈ ವ್ಯತ್ಯಾಸಗಳು ಅರ್ಧ ಮತ್ತು ಕಾಲು ಅಂಕಕ್ಕೆ ಇಳಿಯುತ್ತವೆ. ಸಾಧಾರಣ ಯಂತ್ರದ ನಕ್ಷೆಯನ್ನು ದೂರದಿಂದ ನೋಡಿ ಸರಿ ಎಂದು ತಲೆಯಾಡಿಸುವಂತಿಲ್ಲ. ದಶಮಾಂಶದವರೆಗೆ ಅಂಕಿ ಬರೆದಿದ್ದಾರೆಯೇ, ಎಚ್‌ಪಿಎಲ್‌ಸಿಯಲ್ಲಿ ಒಂದೇ ಶಿಖರವಿದೆಯೇ ಎಂದು ಎರಡನ್ನೂ ಸೇರಿಸಿ ಓದಬೇಕು. ನಮ್ಮದರಲ್ಲಿ ಎರಡೂ ಸರಿಯಾಗಿದ್ದವು.

ಇಲ್ಲದ್ದು ಎಂಡೋಟಾಕ್ಸಿನ್ ಪರೀಕ್ಷೆ. ನಾವು ಆಸ್ಟಿಯೋಕ್ಲಾಸ್ಟುಗಳನ್ನು ಬೆಳೆಸುವುದು ಇಲಿಯ ಮ್ಯಾಕ್ರೋಫೇಜ್ ಕೋಶಗಳಿಂದ. ಮ್ಯಾಕ್ರೋಫೇಜ್ ಎಂದರೆ ಬ್ಯಾಕ್ಟೀರಿಯಾದ ಸುಳಿವು ಸಿಕ್ಕ ಕೂಡಲೇ ಕೆರಳುವ ಕೋಶ. ಯಂತ್ರದಲ್ಲಿ ಕಟ್ಟಿದ ಪೆಪ್ಟೈಡಿನಲ್ಲಿ ಬ್ಯಾಕ್ಟೀರಿಯಾದ ವಿಷ ಇರುವ ಸಂಭವ ಕಡಿಮೆ, ಆದರೆ ನೀರಿನಿಂದಲೋ ಪಾತ್ರೆಯಿಂದಲೋ ಸೇರಬಹುದು. ಕೋಶಗಳ ಮೇಲೆ ಬಳಸುವ ಸರಕಿಗೆ ಈ ಒಂದು ಪರೀಕ್ಷೆ ಮಾಡಿ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಕರಗುವಿಕೆಯಲ್ಲಿ ತಕರಾರಿಲ್ಲ. ತುಸು ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ತಕ್ಷಣ ತಿಳಿಯಾಗಿ ಕರಗುತ್ತದೆ. ಇದೇ ತಯಾರಕರ ಮಾನವ ಕ್ಯಾಲ್ಸಿಟೋನಿನ್ ಕೂಡ ನಮ್ಮಲ್ಲಿದೆ. ಅದು ಇದೇ 32 ಅಮೈನೋ ಆಮ್ಲಗಳ ಉದ್ದ, ಅದೇ ಉಂಗುರ, ಆದರೂ ಸ್ವಭಾವ ಪೂರ್ತಿ ಬೇರೆ. ಗಟ್ಟಿ ದ್ರಾವಣ ಮಾಡಿಟ್ಟರೆ ನಾರು ನಾರಾಗಿ ಕೂಡಿ ಮಬ್ಬಾಗುತ್ತದೆ. ಥೈರಾಯ್ಡಿನ ಮೆಡ್ಯುಲರಿ ಕ್ಯಾನ್ಸರಿನಲ್ಲಿ ಗಡ್ಡೆಯೊಳಗೆ ಕಾಣುವ ಅಮೈಲಾಯ್ಡ್ ನಾರು ಈ ಹಾರ್ಮೋನಿನದೇ. ಅದರಲ್ಲಿ ಉತ್ಕರ್ಷಣೆಗೆ ಒಳಗಾಗುವ ಮೆಥಿಯೋನಿನ್ ಒಂದಿದೆ, ಸಾಮನ್‌ನದರಲ್ಲಿ ಇಲ್ಲ. ಮಾನವ ಹಾರ್ಮೋನೇ ಬೇಕೆಂಬ ಪ್ರಶ್ನೆ ನಿಮ್ಮ ಸಂಶೋಧನೆಯಲ್ಲಿ ಇಲ್ಲದಿದ್ದರೆ ಸಾಮನ್‌ನದನ್ನೇ ತೆಗೆದುಕೊಳ್ಳಿ.

ದುರ್ಬಲ ದ್ರಾವಣಗಳಲ್ಲಿ ಮಾತ್ರ ಎಚ್ಚರ ಬೇಕು. ಈ ಪೆಪ್ಟೈಡ್ ಗಾಜಿಗೂ ಪ್ಲಾಸ್ಟಿಕ್ಕಿಗೂ ಅಂಟುತ್ತದೆ. ಮೈಕ್ರೋಮೋಲಾರ್ ದ್ರಾವಣದಲ್ಲಿ ಆ ನಷ್ಟ ಗೊತ್ತೇ ಆಗುವುದಿಲ್ಲ, ಪಿಕೋಮೋಲಾರ್‌ಗೆ ಇಳಿದಾಗ ಹಾರ್ಮೋನಿನ ದೊಡ್ಡ ಪಾಲು ಟ್ಯೂಬಿನ ಗೋಡೆಯಲ್ಲೇ ಉಳಿದುಬಿಡುತ್ತದೆ. ದ್ರವದಲ್ಲಿ ಶೇ. 0.1 ಆಲ್ಬುಮಿನ್ ಎಂಬ ಪ್ರೋಟೀನ್ ಹಾಕಿದರೆ ಗೋಡೆಯ ಜಾಗವನ್ನು ಅದು ಹಿಡಿದುಕೊಂಡು ಹಾರ್ಮೋನನ್ನು ದ್ರವದಲ್ಲೇ ಬಿಡುತ್ತದೆ. ಸೀಸೆಯ ಜೊತೆ ಬಂದ ಒಂದು ಪುಟದ ಸೂಚನೆಯಲ್ಲಿ ಇದರ ಬಗ್ಗೆ ಅಕ್ಷರವೂ ಇಲ್ಲ.

ಇನ್ನು ಕೆಲಸ. ಆಸ್ಟಿಯೋಕ್ಲಾಸ್ಟುಗಳು ಅನೇಕ ನ್ಯೂಕ್ಲಿಯಸ್‌ಗಳಿರುವ ದೊಡ್ಡ ಕೋಶಗಳು. ಸೂಕ್ಷ್ಮದರ್ಶಕದಡಿ ಅವುಗಳ ಅಂಚು ಸದಾ ಅಲೆಯಾಡುತ್ತಿರುತ್ತದೆ. ನ್ಯಾನೋಮೋಲಾರ್ ಪ್ರಮಾಣದಲ್ಲಿ ಕ್ಯಾಲ್ಸಿಟೋನಿನ್ ಹಾಕಿದ ಕೆಲವೇ ನಿಮಿಷಗಳಲ್ಲಿ ಆ ಅಲೆ ನಿಂತುಬಿಡುತ್ತದೆ. ಆಮೇಲೆ ಅಂಚು ನಿಧಾನವಾಗಿ ಒಳಸರಿದು, ಕೈ ತಾಗಿದ ‘ಮುಟ್ಟಿದರೆ ಮುನಿ’ ಸೊಪ್ಪಿನ ಹಾಗೆ ಇಡೀ ಕೋಶ ಮುದುಡಿಕೊಳ್ಳುತ್ತದೆ. ಮೂಳೆಯನ್ನು ಕಚ್ಚಿ ಹಿಡಿಯಲು ಕೋಶ ಕಟ್ಟಿಕೊಂಡಿದ್ದ, ಆಕ್ಟಿನ್ ಎಂಬ ಪ್ರೋಟೀನಿನ ಉಂಗುರ ಒಡೆದುಹೋಗುತ್ತದೆ. ಇದನ್ನು ಮೊದಲ ಸಲ ನೋಡುವ ವಿದ್ಯಾರ್ಥಿಯ ಮುಖ ನೋಡುವುದೇ ನನಗೆ ಸಂತೋಷ. ಪುಸ್ತಕದಲ್ಲಿ ಒಂದು ಸಾಲಾಗಿ ಓದಿದ್ದ ಹಾರ್ಮೋನು ಕಣ್ಣೆದುರು ಕೆಲಸ ಮಾಡುತ್ತಿರುತ್ತದೆ. ಹಲ್ಲಿನ ದಂತಾಂಶದ ತೆಳು ಚೂರುಗಳ ಮೇಲೆ ಕೋಶಗಳನ್ನು ಬೆಳೆಸಿದಾಗ ಅವು ಕೊರೆಯುವ ಗುಳಿಗಳೂ ಹಾರ್ಮೋನು ಹಾಕಿದ ತಟ್ಟೆಯಲ್ಲಿ ಸ್ಪಷ್ಟವಾಗಿ ಕಡಿಮೆಯಾದವು.

ಮೈಸೂರಿನ ಗೆಳತಿಯೊಬ್ಬಳು ಇದೇ ಸರಕನ್ನು ತರಿಸಿ, “ಅಕ್ಕ, ಮೊದಲ ದಿನ ಚೆನ್ನಾಗಿ ಕೆಲಸ ಮಾಡಿತು, ಮಾರನೆಯ ದಿನದಿಂದ ಕೋಶಗಳು ಮತ್ತೆ ಕೊರೆಯುತ್ತಿವೆ, ಪೆಪ್ಟೈಡ್ ಕೆಟ್ಟುಹೋಗಿದೆ, ಹಿಂದಿರುಗಿಸುತ್ತೇನೆ” ಎಂದಳು. ಪೆಪ್ಟೈಡನ್ನು ದೂರುವ ಮೊದಲು ಯೋಚಿಸಬೇಕಾದ ಸಂಗತಿ ಇದು. ಕ್ಯಾಲ್ಸಿಟೋನಿನ್ ಎಡೆಬಿಡದೆ ಇದ್ದರೆ ಆಸ್ಟಿಯೋಕ್ಲಾಸ್ಟುಗಳು ತಮ್ಮ ಮೈಮೇಲಿನ ಗ್ರಾಹಕಗಳನ್ನೇ ಕಡಿಮೆ ಮಾಡಿಕೊಂಡು ಅದರ ಹಿಡಿತದಿಂದ ತಪ್ಪಿಸಿಕೊಳ್ಳುತ್ತವೆ. ಮೂಳೆ ಸಂಶೋಧನೆಯಲ್ಲಿ ಇದು ಹಳೆಯ, ಚೆನ್ನಾಗಿ ಗೊತ್ತಿರುವ ವಿದ್ಯಮಾನ. ಅವಳ ತಟ್ಟೆಯ ದ್ರವವನ್ನೇ ತೆಗೆದು ಹೊಸ ಕೋಶಗಳ ಮೇಲೆ ಹಾಕಿ ನೋಡಲು ಹೇಳಿದೆ. ಹೊಸ ಕೋಶಗಳು ಕೂಡಲೇ ಮುದುಡಿದವು. ಸರಕು ಚೆನ್ನಾಗಿಯೇ ಇತ್ತು.

ನಮ್ಮ ಕಡೆಯ ವಿದ್ಯುತ್ತಿನ ಸ್ಥಿತಿ ಕಾಫಿ ತೋಟದ ಯಾರನ್ನು ಕೇಳಿದರೂ ಹೇಳುತ್ತಾರೆ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ ಅದು ಸರಿಯಾಗುವುದು ಯಾವಾಗ ಎಂಬುದು ಮಳೆ ಬಿಡುವುದರ ಮೇಲೆ ಹೋಗುತ್ತದೆ. ಆದ್ದರಿಂದ ಕರಗಿಸಿದ ದ್ರಾವಣವನ್ನು ಒಂದು ಸಲಕ್ಕೆ ಸಾಕಾಗುವಷ್ಟು ಸಣ್ಣ ಟ್ಯೂಬುಗಳಿಗೆ ಹಂಚಿ ಹೆಪ್ಪುಗಟ್ಟಿಸುತ್ತೇವೆ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ. ಮನೆಯ ಬಳಕೆಯ, ತಾನಾಗಿ ಹಿಮ ಕರಗಿಸಿಕೊಳ್ಳುವ ಫ್ರೀಜರಿನಲ್ಲಿ ಇಡಬೇಡಿ. ಹಿಮ ಕರಗಿಸಲು ಅದು ಆಗಾಗ ಬಿಸಿಯಾಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ವಿಷಯ ಹೇಳದೆ ಈ ಬರಹ ಪೂರ್ತಿಯಾಗುವುದಿಲ್ಲ. ಬೆನ್ನುಮೂಳೆ ಸವೆದು ಕುಗ್ಗಿರುವ ನಮ್ಮ ಚಿಕ್ಕಮ್ಮ ಸೋಮವಾರಪೇಟೆಯಲ್ಲಿದ್ದಾರೆ. ಅವರ ಮೊಮ್ಮಗ ಮೊಬೈಲಿನಲ್ಲಿ ಹುಡುಕಿ, ಕ್ಯಾಲ್ಸಿಟೋನಿನ್ ಮೂಳೆ ಸವೆತಕ್ಕೆ ಔಷಧಿ ಎಂದು ಓದಿ ಹೇಳಿದ್ದಾನೆ. “ನಿನ್ನ ಲ್ಯಾಬಿನಲ್ಲಿ ಇರುವುದೂ ಅದೇ ಅಲ್ಲವೇನೇ ಮಗಳೇ? ಒಂದು ಸೀಸೆ ತಂದುಕೊಡು, ಇಂಜೆಕ್ಷನ್ ಹಾಕಲು ನರ್ಸ್ ಇದ್ದಾಳೆ” ಎಂದರು. ನೋವಿನಲ್ಲಿರುವವರು ಕೇಳಿದ ಪ್ರಶ್ನೆ, ಅದರಲ್ಲಿ ತಪ್ಪಿಲ್ಲ. ಆದರೆ ನಾನು ಕೊಡುವುದಿಲ್ಲ ಎಂದೆ, ಏಕೆ ಎಂದೂ ಕುಳಿತು ಹೇಳಿದೆ.

ಸಾಮನ್ ಕ್ಯಾಲ್ಸಿಟೋನಿನ್ ಔಷಧಿಯಾಗಿ ಇತ್ತು, ಈಗಲೂ ಕೆಲವು ಸಂದರ್ಭಗಳಲ್ಲಿ ಇದೆ. ದೀರ್ಘಕಾಲ ಬಳಸಿದವರಲ್ಲಿ ಕ್ಯಾನ್ಸರಿನ ಅಪಾಯ ತುಸು ಹೆಚ್ಚು ಕಂಡದ್ದರಿಂದ ಯುರೋಪಿನ ಔಷಧ ಸಂಸ್ಥೆ 2012ರಲ್ಲಿ ಮೂಳೆ ಸವೆತಕ್ಕೆ ಅದನ್ನು ಬಳಸಬಾರದೆಂದು ಹೇಳಿ, ಮೂಗಿಗೆ ಸಿಂಪಡಿಸುವ ರೂಪವನ್ನು ಮಾರುಕಟ್ಟೆಯಿಂದ ತೆಗೆಸಿತು. ಇಂಜೆಕ್ಷನ್ ರೂಪವನ್ನು ಪೇಜೆಟ್ ಎಂಬ ಮೂಳೆಯ ಕಾಯಿಲೆ, ಕ್ಯಾನ್ಸರಿನಿಂದ ರಕ್ತದ ಕ್ಯಾಲ್ಸಿಯಂ ಏರಿದಾಗ, ಹಠಾತ್ತಾಗಿ ಹಾಸಿಗೆ ಹಿಡಿದವರ ಮೂಳೆ ನಷ್ಟ ಇಂಥವಕ್ಕೆ ಅಲ್ಪಕಾಲಕ್ಕೆ ಸೀಮಿತಗೊಳಿಸಿತು. ಇದು ಔಷಧಿಯ ಮಾತು. ನನ್ನ ಫ್ರೀಜರಿನಲ್ಲಿರುವುದು ಔಷಧಿಯೇ ಅಲ್ಲ. ಅದು ಕ್ರಿಮಿರಹಿತ ಎಂದು ಯಾರೂ ಪರೀಕ್ಷಿಸಿಲ್ಲ. ಔಷಧಿಯಲ್ಲಿ ನೂರು ಯೂನಿಟ್ ಎಂದರೆ ಸುಮಾರು 16.7 ಮೈಕ್ರೋಗ್ರಾಂ. ಹಾಗಾದರೆ ಶೇ. 84 ಹಾರ್ಮೋನಿರುವ ನಮ್ಮ ಒಂದು ಮಿಲಿಗ್ರಾಂ ಸೀಸೆ ಎಂದರೆ ನೂರು ಯೂನಿಟ್ಟಿನ ಸುಮಾರು ಐವತ್ತು ಇಂಜೆಕ್ಷನ್ನುಗಳಷ್ಟು. ಮನೆಯಲ್ಲಿ ಕರಗಿಸಿ ಸಿರಿಂಜಿನಲ್ಲಿ ಎಳೆಯುವಾಗ ಒಂದು ಗೆರೆ ಹೆಚ್ಚು ಕಡಿಮೆಯಾದರೆ ಏನಾಗಬಹುದು ಎಂದು ಯೋಚಿಸಿ. ರಕ್ತದ ಕ್ಯಾಲ್ಸಿಯಂ ಇಳಿದರೆ ಕೈಕಾಲು ಸೆಳೆಯುತ್ತದೆ. ಮೀನಿನ ಪೆಪ್ಟೈಡಾದ್ದರಿಂದ ತೀವ್ರ ಅಲರ್ಜಿಯೂ ಆದದ್ದಿದೆ. ಚಿಕ್ಕಮ್ಮನನ್ನು ಮೂಳೆ ವೈದ್ಯರ ಬಳಿ ಕರೆದುಕೊಂಡು ಹೋದೆವು, ಈಗ ಅವರಿಗೆ ಬೇರೆಯೇ ಚಿಕಿತ್ಸೆ ನಡೆಯುತ್ತಿದೆ.

ಮಾರುವವರು ‘ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ’ ಎಂದು ಬರೆಯುತ್ತಾರೆ, ಆದರೆ ಇಂಗ್ಲಿಷಿನಲ್ಲಿ, ಲೇಬಲ್ಲಿನ ಅಡಿಯಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣದಾಗಿ. ನಾವು ನಮ್ಮ ಪೆಟ್ಟಿಗೆಯ ಮೇಲೆ ಅದನ್ನೇ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದೇವೆ. ಕೀಲಿಕೈ ನನ್ನ ಬಳಿ ಇರುತ್ತದೆ.

ಮತ್ತೆ ಕೊಳ್ಳುತ್ತೇನೆಯೇ? ಕೊಳ್ಳುತ್ತೇನೆ, ಇದೇ ತಯಾರಕರಿಂದ. ಆದರೆ ಹಣ ಕಟ್ಟುವ ಮೊದಲೇ ಪೆಪ್ಟೈಡ್ ಅಂಶದ ಅಂಕಿಯನ್ನು ಲಿಖಿತವಾಗಿ ಕೇಳುತ್ತೇನೆ, ಲವಣ ಅಸಿಟೇಟ್ ಎಂಬುದನ್ನು ಖಚಿತಪಡಿಸಿಕೊಳ್ಳುತ್ತೇನೆ, ಟ್ರೈಫ್ಲೋರೋ ಅಸಿಟೇಟ್ ಎಷ್ಟು ಉಳಿದಿದೆ ಎಂದೂ ಕೇಳುತ್ತೇನೆ, ಏಕೆಂದರೆ ಅದು ಕೋಶಗಳ ಬೆಳವಣಿಗೆಯ ಮೇಲೆ ತಾನೇ ಪರಿಣಾಮ ಬೀರಬಲ್ಲದು. ಒಂದು ಮಿಲಿಗ್ರಾಮಿನ ಬದಲು ಅದಕ್ಕಿಂತ ಸಣ್ಣ ಸೀಸೆಗಳು ಸಿಕ್ಕರೆ ತುಸು ದುಬಾರಿಯಾದರೂ ಅವನ್ನೇ ತರಿಸುತ್ತೇನೆ. ವರ್ಷಕ್ಕೆ ಬೇಕಾಗುವುದನ್ನೆಲ್ಲ ಒಂದೇ ತಂಡದಿಂದ, ಮಳೆ ಹಿಡಿಯುವ ಮುಂಚೆ, ಏಪ್ರಿಲ್ ತಿಂಗಳಲ್ಲೇ ತರಿಸಿ ಫ್ರೀಜರಿಗೆ ಸೇರಿಸುತ್ತೇನೆ. ಶೀತಲ ಸಾಗಣೆಯ ಹಣವನ್ನು ತಾಪಮಾನ ಸೂಚಕ ಇಟ್ಟು ಕಳಿಸಿದರೆ ಮಾತ್ರ ಕಟ್ಟುವುದಾಗಿ ವಿತರಕರಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ.